ಕಾರಿನ ಹುಚ್ಚು, ಜಾಲತಾಣದ ಪಾಠ

ಅರವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ಮತ್ತೆ ವಿದ್ಯಾರ್ಥಿಯಾಗಿದ್ದಾನೆಂದು ಕೇಳಿದವರು ಮೊದಲು ಊಹಿಸುವುದು ಸಂಸ್ಕೃತವನ್ನು, ಅದಲ್ಲವೆಂದರೆ ವೀಣೆಯನ್ನು, ಅದೂ ಅಲ್ಲವೆಂದರೆ ಯೋಗಾಸನವನ್ನು. ನಾನು ಕಲಿಯುತ್ತಿರುವುದು ಜಾಲತಾಣಗಳ ವಿನ್ಯಾಸ, ರೂಢಿಯ ಮಾತಿನಲ್ಲಿ ವೆಬ್ ಡಿಸೈನ್, ಎಂದು ಹೇಳಿದಾಗ ನನ್ನ ಬೆಳಗಿನ ವಾಯುವಿಹಾರದ ಗೆಳೆಯರು ಒಂದಷ್ಟು ದೂರ ಮಾತಿಲ್ಲದೆ ನಡೆದರು. ಆಮೇಲೆ ಒಬ್ಬರು, “ಪಿಂಚಣಿ ಸಾಲದೆ ಬಂತೆ?” ಎಂದು ಮೆಲ್ಲಗೆ ವಿಚಾರಿಸಿದರು. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿದ್ಯೆ ತಕ್ಕುದೆ ಎಂಬುದು ಅವರ ಸಂದೇಹ. ನನಗೆ ಕಾರುಗಳ ಹುಚ್ಚೂ ಉಂಟೆಂಬುದು ಅವರಿಗೆ ಗೊತ್ತಿಲ್ಲ. ಇವೆರಡೂ ಒಂದಕ್ಕೊಂದು ಹೇಗೆ ಗಂಟುಬಿದ್ದುವು ಎಂಬುದನ್ನು ಆಕಾಶವಾಣಿಯವರು ಕೊಟ್ಟಿರುವ ಈ ಅವಧಿಯಲ್ಲಿ ಹೇಳಬೇಕೆಂದಿದ್ದೇನೆ.

ಮೈಸೂರಿನಲ್ಲಿ ನಮ್ಮ ಬಡಾವಣೆಯ ಔಷಧದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ತರಗತಿ ನಡೆಯುತ್ತದೆ. ವಾರಕ್ಕೆ ಮೂರು ಸಂಜೆ; ಒಟ್ಟು ನಾಲ್ಕು ತಿಂಗಳು. ನನ್ನನ್ನು ಬಿಟ್ಟರೆ ಹತ್ತು ಮಂದಿ ಸಹಪಾಠಿಗಳು. ಅವರಲ್ಲಿ ಹಿರಿಯನಿಗೆ ಇಪ್ಪತ್ತಾರು. ಪಾಠ ಹೇಳುವ ಹೆಣ್ಣುಮಗಳಿಗೂ ಅಷ್ಟೇ ವಯಸ್ಸಿರಬಹುದು. ಅವರು ನನ್ನನ್ನು ‘ಸಾರ್’ ಎನ್ನುತ್ತಾರೆ, ನಾನು ಅವರನ್ನು ‘ಮೇಡಂ’ ಎನ್ನುತ್ತೇನೆ. ಹೀಗೆ ತರಗತಿಯಲ್ಲಿ ಗುರುಗಳಿಬ್ಬರಾಗಿ, ಶಿಷ್ಯ ಯಾರೆಂಬುದು ಮನೆಗೆಲಸ ಒಪ್ಪಿಸುವಾಗ ಮಾತ್ರ ತಿಳಿಯುತ್ತದೆ.

ಕಾರಿನ ಹುಚ್ಚು ಎಂದೆನಷ್ಟೆ. ನನ್ನ ಹೆಸರಿನಲ್ಲಿ ಒಂದು ಕಾರೂ ಇಲ್ಲ, ಹಿಂದೆಯೂ ಇರಲಿಲ್ಲ. ಸೈಕಲ್ಲಿನಿಂದ ಸ್ಕೂಟರಿಗೆ ಬಂದದ್ದೇ ನನ್ನ ಏಳಿಗೆ. ಆದರೆ ಬೆನ್ನ ಹಿಂದೆ ಬರುತ್ತಿರುವುದು ಅಂಬಾಸಡರೋ ಫಿಯೆಟ್ಟೋ ಎಂಬುದನ್ನು ತಿರುಗಿ ನೋಡದೆ ಸದ್ದಿನಿಂದಲೇ ಹೇಳಬಲ್ಲೆ. ಈ ವಿದ್ಯೆಗೆ ಈಗ ಗಿರಾಕಿಗಳಿಲ್ಲ. ಫಿಯೆಟ್ಟಿನ ವಂಶದ ಪದ್ಮಿನಿ 2000ದ ಆಸುಪಾಸಿನಲ್ಲಿ ನಿಂತುಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅವತಾರವಾದ ನಮ್ಮ ಅಂಬಾಸಡರ್, ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಹೊರಬರುವುದು 2014ರ ಮೇ ತಿಂಗಳಿಗೆ ಮುಗಿಯಿತು. 2017ರಲ್ಲಿ ಆ ಹೆಸರೊಂದನ್ನೇ ಫ್ರಾನ್ಸಿನ ಪೂಜೋ ಕಂಪನಿಯವರು 80 ಕೋಟಿ ರೂಪಾಯಿಗೆ ಕೊಂಡರು. ಒಂದು ಪದಕ್ಕೆ ಎಂಬತ್ತು ಕೋಟಿ! ಪದಗಳನ್ನೇ ನೆಚ್ಚಿ ಬದುಕಿದ ಕನ್ನಡ ಮೇಷ್ಟರು ಆ ಸುದ್ದಿಯನ್ನು ಎಂಥ ನಿಟ್ಟುಸಿರಿನೊಡನೆ ಓದಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಮೊದಲ ವಾರದ ಪಾಠದಲ್ಲೇ ಕಾರು ನನ್ನ ನೆರವಿಗೆ ಬಂತು. ಜಾಲಪುಟವೊಂದನ್ನು ಕಟ್ಟಲು ಎರಡು ಸಂಕೇತಭಾಷೆಗಳು ಬೇಕು. ಎಚ್‌ಟಿಎಂಎಲ್ ಎಂಬುದು ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಕಂಡಿಕೆ, ಚಿತ್ರ ಎಲ್ಲಿ ಬರಬೇಕು ಎಂಬಷ್ಟನ್ನೇ ಹೇಳಿ ಸುಮ್ಮನಾಗುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚಿನ ಜಾಗ ಇವೆಲ್ಲ ಸಿಎಸ್‌ಎಸ್ ಎಂಬ ಎರಡನೆಯ ಭಾಷೆಯ ಪಾಲು. ಒಂದೇ ಪುಟಕ್ಕೆ ಎರಡು ಭಾಷೆಗಳೇಕೆ ಎಂದು ಹುಡುಗರು ಗೊಣಗಿದರು. ನನ್ನ ಕಣ್ಣ ಮುಂದೆ ಬಂದದ್ದು ಹೆದ್ದಾರಿಯಲ್ಲಿ ಸಾಲಾಗಿ ಹೋಗುವ ಬರಿಯ ಚಾಸಿಗಳು. ಮೇಲ್ಛಾವಣಿಯಿಲ್ಲ, ಬಾಗಿಲಿಲ್ಲ, ಮುಂದೆ ಗಾಜಿಲ್ಲ. ಎಂಜಿನ್ನು, ಗಾಲಿ, ಸ್ಟಿಯರಿಂಗು, ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಚಾಲಕ. ಗಾಡಿ ಓಡುತ್ತದೆ, ಆದರೆ ಅದು ಬಸ್ಸಾಗುವುದೋ ಲಾರಿಯಾಗುವುದೋ ಬಾಡಿ ಕಟ್ಟುವವರ ಶೆಡ್ಡಿನಲ್ಲಿ ತೀರ್ಮಾನವಾಗಬೇಕು. ಹಿಂದೆ ಕಾರುಗಳಿಗೂ ಇದೇ ಪದ್ಧತಿಯಿತ್ತು. ಎರಡನೆಯ ಮಹಾಯುದ್ಧದವರೆಗೂ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಎಂಜಿನ್ ಸಹಿತವಾದ ಚಾಸಿಯನ್ನು. ಕೊಂಡವರು ಅದನ್ನು ಕೋಚು ಕಟ್ಟುವ ಕಸುಬಿನವರಲ್ಲಿಗೆ ಒಯ್ದು ತಮ್ಮ ಅಭಿರುಚಿಗೆ ತಕ್ಕ ಮೈಯನ್ನು ತೊಡಿಸಿಕೊಳ್ಳುತ್ತಿದ್ದರು. ನಮ್ಮ ಮಹಾರಾಜರುಗಳು ಈ ಅಭಿರುಚಿಯಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ.

ಜಾಲದ ಚರಿತ್ರೆಯೂ ಇದೇ ಹಾದಿಯಲ್ಲಿ ನಡೆದಿದೆ. ಜಿನೀವಾದ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್‌ಲೀ 1989ರಲ್ಲಿ ಮಂಡಿಸಿದ ಯೋಜನೆಯಿಂದ ವಿಶ್ವವ್ಯಾಪಿ ಜಾಲ ಹುಟ್ಟಿತು. 1991ರಲ್ಲಿ ಹೊರಲೋಕಕ್ಕೆ ತೆರೆದುಕೊಂಡಿತು. ಆಗಿನ ಪುಟಗಳಲ್ಲಿದ್ದುದು ಮಾತು, ಮತ್ತು ಒಂದು ಮಾತಿನಿಂದ ಇನ್ನೊಂದಕ್ಕೆ ಕೊಂಡಿ, ಬರಿಯ ಚಾಸಿ. ಪುಟದ ರೂಪವನ್ನು ಬೇರೆಯಾಗಿಯೇ ಬರೆದಿಡಬಹುದೆಂಬ ಸಲಹೆಯನ್ನು ನಾರ್ವೆಯ ಹೋಕನ್ ವಿಯುಂ ಲೀ ಎಂಬಾತ 1994ರಲ್ಲಿ ಮುಂದಿಟ್ಟ. 1996ರ ಕೊನೆಗೆ ಅದು ಅಂಗೀಕೃತವಾಯಿತು. ಹೀಗೆಂದು ಹುಡುಗರಿಗೆ ವಿವರಿಸಿದಾಗ ಮೇಡಂ, “ಸಾರ್, ಮುಂದಿನ ಬ್ಯಾಚಿಗೆ ನೀವೇ ಪಾಠ ಮಾಡಿ” ಎಂದರು. ಹೊಗಳಿಕೆಯ ಜೊತೆಗೆ ಸ್ವಲ್ಪ ಸುಮ್ಮನಿರಿ ಎಂಬ ಸೂಚನೆಯೂ ಆ ಮಾತಿನಲ್ಲಿತ್ತು.

ಶಬ್ದಗಳ ವಿಚಾರ ಬಂದರೆ ಮಾತ್ರ ಸುಮ್ಮನಿರುವುದು ನನಗೆ ಕಷ್ಟ. ಜಾಲತಾಣವನ್ನು ನಡೆಸುವವನು ಒಳಗೆ ಹೊಕ್ಕು ಎಲ್ಲವನ್ನೂ ಒಂದೇ ನೋಟಕ್ಕೆ ಕಾಣುವ ಪುಟಕ್ಕೆ ‘ಡ್ಯಾಶ್‌ಬೋರ್ಡ್’ ಎಂದು ಹೆಸರು. ಅದು ಕಾರಿನಿಂದ ಬಂದ ಮಾತೆಂದು ಹುಡುಗರಿಗೂ ಗೊತ್ತು. ಕಾರಿಗೆ ಅದು ಕುದುರೆಗಾಡಿಯಿಂದ ಬಂತು: ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೇಲೆ ಬೀಳದಂತೆ ಮುಂದೆ ನಿಲ್ಲಿಸಿದ ಹಲಗೆಯೇ ಮೂಲದ ಡ್ಯಾಶ್‌ಬೋರ್ಡು. ಕುದುರೆ ಹೋಯಿತು, ಕೆಸರು ಹೋಯಿತು, ಹಲಗೆ ಗಾಜಿನ ಪರದೆಯಾಯಿತು, ಹೆಸರು ಉಳಿಯಿತು. ನಾವು ಹೆಚ್ಚುವರಿ ಚಕ್ರಕ್ಕೆ ‘ಸ್ಟೆಪ್ನಿ’ ಎನ್ನುತ್ತೇವಲ್ಲ, ಅದು ವೇಲ್ಸಿನ ಲ್ಯಾನೆಲಿ ಎಂಬ ಊರಿನ ಒಂದು ಬೀದಿಯ ಹೆಸರು. ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆಯೇ ಮಾರಾಟವಾಗುತ್ತಿದ್ದ ಕಾಲದಲ್ಲಿ, 1904ರ ಸುಮಾರಿಗೆ, ಡೇವಿಸ್ ಸಹೋದರರು ಆ ಬೀದಿಯಲ್ಲಿ ಅದನ್ನು ಮಾಡಿ ಮಾರತೊಡಗಿದರು. ಇಂಗ್ಲಿಷರೇ ಹೆಚ್ಚುಕಡಿಮೆ ಮರೆತ ಈ ಮಾತನ್ನು ನಮ್ಮ ಪಂಕ್ಚರ್ ಅಂಗಡಿಗಳು ಕಾಪಾಡಿಕೊಂಡು ಬಂದಿವೆ. ಇನ್ನು ‘ಡಿಕ್ಕಿ’. ಹಿಂದುಗಡೆಯ ಮಡಿಚುವ ಆಸನದ ಹೆಸರು ಸಾಮಾನಿನ ಗೂಡಿಗೆ ಅಂಟಿಕೊಂಡು, ಕನ್ನಡದ ಡಿಕ್ಕಿಗೆ ಹೋಗಿ ಡಿಕ್ಕಿ ಹೊಡೆದಿದೆ.

ತರಗತಿಯ ಕೊನೆಯಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ವಿಷಯದ ಮೇಲೆ ಒಂದು ಜಾಲತಾಣವನ್ನು ಪೂರ್ತಿಯಾಗಿ ಕಟ್ಟಿ ಒಪ್ಪಿಸಬೇಕು. ಒಬ್ಬ ಕೇಕಿನ ಅಂಗಡಿಯನ್ನು ಆರಿಸಿಕೊಂಡ, ಒಬ್ಬಳು ಮದುವೆಯ ಛಾಯಾಗ್ರಹಣವನ್ನು. ನಾನು ಆರಿಸಿಕೊಂಡದ್ದು ನನ್ನ ತಂದೆಯ ಲೆಕ್ಕದ ಪುಸ್ತಕವನ್ನು. ನಿಜ ಹೇಳಬೇಕೆಂದರೆ ತರಗತಿಗೆ ಸೇರಿದ್ದೇ ಅದಕ್ಕಾಗಿ.

ನನ್ನ ತಂದೆ ಮೂಡಿಗೆರೆಯ ಕಡೆಯ ಕಾಫಿ ತೋಟವೊಂದರಲ್ಲಿ ಧಣಿಗಳ ಕಾರಿಗೆ ಡ್ರೈವರಾಗಿದ್ದರು. ಅಂಬಾಸಡರ್ ಕಾರು, ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ. ಅದನ್ನು ತೊಳೆದು ಒರೆಸುವುದರಲ್ಲಿ ನನಗೂ ಪಾಲಿತ್ತು. ಹತ್ತಿ ಕೂರುವುದರಲ್ಲಿ ಇರಲಿಲ್ಲ. ಹುಚ್ಚು ಹಿಡಿದದ್ದು ಅಲ್ಲಿಯೇ ಇರಬೇಕು. ಮೂರನೆಯ ತರಗತಿಗೆ ಶಾಲೆ ಬಿಟ್ಟಿದ್ದ ತಂದೆ 1964ರಿಂದ 1971ರವರೆಗೆ ಪ್ರತಿಯೊಂದು ಪ್ರಯಾಣವನ್ನೂ ರಟ್ಟಿನ ಹೊದಿಕೆಯ ಪುಸ್ತಕದಲ್ಲಿ ಬರೆದಿಟ್ಟರು. ತಾರೀಖು, ಊರು, ಮೀಟರಿನ ಅಂಕಿ, ಪೆಟ್ರೋಲು, ಪಂಕ್ಚರು. ಧಣಿಗಳು ಕೇಳಿದರೆ ತೋರಿಸಲೆಂದು ಹೂಡಿದ ಲೆಕ್ಕ ಅದು. ಆದರೆ ಬರೆಯುತ್ತ ಬರೆಯುತ್ತ ಅದರೊಳಕ್ಕೆ ಚಾರ್ಮಾಡಿ ಘಟ್ಟವೇ ಬಂದು ಕೂತಿದೆ. ಹತ್ತುವಾಗ ರೇಡಿಯೇಟರಿನ ನೀರು ಕುದಿಯುವ ತಿರುವುಗಳು ಯಾವುವು, ಯಾವ ತಿರುವಿನ ತೊರೆಯಲ್ಲಿ ಯಾವ ತಿಂಗಳವರೆಗೆ ನೀರು ಸಿಕ್ಕುತ್ತದೆ, ಮಂಜು ಕವಿದಾಗ ಎಲ್ಲಿ ನಿಲ್ಲಿಸಿಕೊಳ್ಳಲು ಜಾಗವಿದೆ, ಎಲ್ಲವೂ ಅದರಲ್ಲಿವೆ. “ಇಳಿವಾಗ ಎರಡನೆ ಗೇರೇ ಸರಿ. ಬ್ರೇಕಿಗೆ ಕೆಲಸ ಕೊಡಬಾರದು” ಎಂದು ಒಂದು ಕಡೆ ಬರೆದಿದ್ದಾರೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬರಿಯ ಬ್ರೇಕನ್ನು ನಂಬಿದರೆ ಅದು ಕಾದು, ಬೇಕಾದ ಗಳಿಗೆಯಲ್ಲಿ ಹಿಡಿಯದೆ ಹೋಗುತ್ತದೆ. ಇದನ್ನು ಅವರಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಈಗ ಆ ಹಾಳೆಗಳು ಮಡಿಕೆಯಲ್ಲಿ ಮುರಿಯುತ್ತಿವೆ. ಒಂದೊಂದು ಪುಟವನ್ನೂ ಫೋಟೋ ತೆಗೆದು ಹಾಕಿಬಿಡಿ ಎಂದು ಸಹಪಾಠಿಯೊಬ್ಬ ಸಲಹೆಯಿತ್ತ. ಮೇಡಂ ಒಪ್ಪಲಿಲ್ಲ. ಫೋಟೋದೊಳಗಿನ ಅಕ್ಷರ ಹುಡುಕುವವರ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ; ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಬರಿಯ ಚಿತ್ರ. ಆದ್ದರಿಂದ ಇಡಿಯ ಪುಸ್ತಕವನ್ನು ಕುಳಿತು ಬೆರಳಚ್ಚು ಮಾಡತೊಡಗಿದೆ. ಆಗ ಎದುರಾದದ್ದು ಗ್ರಂಥಸಂಪಾದನೆಯ ಹಳೆಯ ಪ್ರಶ್ನೆ. ತಂದೆ ‘ರೇಡೇಟ್ರು’ ಎಂದು ಬರೆಯುತ್ತಾರೆ, ‘ಸ್ಟೇರಂಗು’ ಎನ್ನುತ್ತಾರೆ, ಒಂದೇ ಪುಟದಲ್ಲಿ ‘ಪಂಚರು’, ‘ಪಂಚ್ಚರು’ ಎರಡೂ ಉಂಟು. ತಿದ್ದದಿದ್ದರೆ ಹುಡುಕುವವರಿಗೆ ಸಿಕ್ಕುವುದಿಲ್ಲ ಎಂಬುದು ಮೇಡಂ ಅವರ ವಾದ. ತಾಳೆಗರಿಯ ಲಿಪಿಕಾರ ಬರೆದುದನ್ನು ಅಡಿಟಿಪ್ಪಣಿಯಿಲ್ಲದೆ ಬದಲಿಸಬಾರದೆಂದು ಮೂರು ದಶಕ ಪಾಠ ಹೇಳಿದವನು ಸ್ವಂತ ತಂದೆಯ ಕಾಗುಣಿತಕ್ಕೆ ಕೈ ಹಾಕುವುದು ಹೇಗೆ? ಕಡೆಗೆ ಒಪ್ಪಂದವಾಯಿತು. ಪಠ್ಯದಲ್ಲಿ ಅವರ ಬರಹ ಅವರದಾಗಿಯೇ ಇರುತ್ತದೆ. ಪುಟದ ಕೆಳಗೆ ಒಂದು ಪದಕೋಶ. ಅದರಲ್ಲಿ ಅವರ ರೂಪ, ಅದರ ಎದುರಿಗೆ ನಿಘಂಟಿನ ರೂಪ.

ಸಾಲುಗಳ ನಡುವಣ ಅಂತರದ ವಿಚಾರದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಇಂಗ್ಲಿಷ್ ಅಕ್ಷರಕ್ಕೆಂದು ಗೊತ್ತುಮಾಡಿದ ಅಂತರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಸಾಲಿನಿಂದ ಕೆಳಕ್ಕಿಳಿದು ಮುಂದಿನ ಸಾಲಿನ ತಲೆಕಟ್ಟನ್ನು ತುಳಿಯುತ್ತವೆ. ಗ್ಯಾರೇಜಿನ ಕನ್ನಡವಂತೂ ಒತ್ತುಗಳದೇ ಸಂತೆ: ಕ್ಲಚ್ಚು, ಪ್ಲಗ್ಗು, ಸ್ಟೆಪ್ನಿ, ಸ್ಪ್ರಿಂಗಿಗಂತೂ ಎರಡೆರಡು. ಅಕ್ಷರದ ಗಾತ್ರದ 1.2 ಪಟ್ಟು ಇದ್ದ ಅಂತರವನ್ನು 1.7ಕ್ಕೆ ಏರಿಸಿದ ಮೇಲೆ ಸ್ಪ್ರಿಂಗು ಸರಾಗವಾಗಿ ಉಸಿರಾಡಿತು.

ಓಡುವ ಕಾರಿನ ಚಿತ್ರ, ಎಂಜಿನ್ನಿನ ಸದ್ದು, ಪುಟ ತೆರೆದೊಡನೆ ಮಂಜು ಸರಿದಂತೆ ಕಾಣುವ ಘಟ್ಟ ಇವನ್ನೆಲ್ಲ ಸೇರಿಸಿ ಎಂದು ಹುಡುಗರು ಆಸೆ ಹುಟ್ಟಿಸಿದರು. ಕಾರಿನ ಹುಚ್ಚಿನವನಿಗೆ ಇದು ಸಣ್ಣ ಪ್ರಲೋಭನೆಯಲ್ಲ. ಎರಡು ಸಂಜೆ ಅದರಲ್ಲೇ ಕಳೆದೆ, ಸುಖವಾಗಿಯೇ ಕಳೆದೆ. ಆಮೇಲೆ ನೆನಪಾದದ್ದು ಸಿಟ್ರೋಯೆನ್ ಕಂಪನಿಯ ಒಂದು ಪುಟ್ಟ ಕಾರು. 1930ರ ದಶಕದಲ್ಲಿ ಆ ಕಂಪನಿಯ ಮುಖ್ಯಸ್ಥರು ತಮ್ಮ ಎಂಜಿನಿಯರುಗಳಿಗೆ ಹಾಕಿದ ಕರಾರುಗಳಿವು: ಇಬ್ಬರು ರೈತರು, ಐವತ್ತು ಕಿಲೋ ಆಲೂಗೆಡ್ಡೆ, ಒಂದು ಬುಟ್ಟಿ ಮೊಟ್ಟೆ, ಉತ್ತ ಹೊಲದ ಮೇಲೆ ಹೋದರೂ ಒಂದು ಮೊಟ್ಟೆಯೂ ಒಡೆಯಬಾರದು. ಯುದ್ಧ ಮುಗಿದು 1948ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಕಾಣಿಸಿಕೊಂಡಾಗ ತಗಡಿನ ಡಬ್ಬಿಯೆಂದು ಹಾಸ್ಯ ಮಾಡಿದವರಿದ್ದರು. ಆ ಡಬ್ಬಿ 1990ರವರೆಗೆ ತಯಾರಾಗುತ್ತಲೇ ಇತ್ತು. ನನ್ನ ಪುಟವನ್ನು ಓದುವವರು ಯಾರು? ಘಟ್ಟದ ಮೇಲೆ ಬಾಡಿಗೆಗೆ ಕಾಯುತ್ತ, ಸಿಗ್ನಲ್ಲು ಬಂದು ಹೋಗುವ ಜಾಗದಲ್ಲಿ, ಮೊಬೈಲು ಹಿಡಿದು ಕುಳಿತ ಡ್ರೈವರೂ ಒಬ್ಬ. ಅವನ ಕೈಗೆ ಮೊಟ್ಟೆ ಒಡೆಯದೆ ಮುಟ್ಟಬೇಕು. ಮಂಜನ್ನೂ ಸದ್ದನ್ನೂ ತೆಗೆದುಹಾಕಿದೆ. ಕಾರಿನ ಫೋಟೋ ಒಂದೇ. ಅದನ್ನೂ ಹಗುರಾಗಿಸಿ ಇಟ್ಟಿದ್ದೇನೆ.

ಒಂದು ಸಾಲಿನ ಮಾತು ಉಳಿದಿದೆ. 1968ರ ಪುಟದಲ್ಲಿ, ಒಂದು ಪಂಕ್ಚರಿಗೂ ಹತ್ತು ಲೀಟರು ಪೆಟ್ರೋಲಿಗೂ ನಡುವೆ, ಅದೇ ಮಸಿಯಲ್ಲಿ, ಅದೇ ಕೈಬರಹದಲ್ಲಿ ಹೀಗಿದೆ: “ಚಿಕ್ಕ ಧಣಿ ಓಡಿಸಿದರು. ಗೇಟಿನ ಕಂಬ ತಾಗಿ ಮಡ್‌ಗಾರ್ಡು ಒಳಕ್ಕೆ. ರಿಪೇರಿ 35 ರೂ. ನನ್ನ ಲೆಕ್ಕ.” ತಂದೆ ಇದನ್ನು ಮನೆಯಲ್ಲಿ ಯಾವತ್ತೂ ಹೇಳಿದವರಲ್ಲ, ಬೆರಳಚ್ಚು ಮಾಡುವಾಗಲೇ ನಾನು ಮೊದಲು ಓದಿದ್ದು. ಅವರ ತಿಂಗಳ ಸಂಬಳ ಆಗ ನೂರು ರೂಪಾಯಿ ದಾಟಿರಲಿಲ್ಲ.

“ಅದೊಂದು ಬಿಟ್ಟುಬಿಡಿ ಅಂದ್ರೆ. ಅವರ ಮನೆಯವರು ಈಗಲೂ ಇದ್ದಾರೆ, ಹೋದವರ ಲೆಕ್ಕ ಯಾಕೆ?” ಎಂದಳು ನನ್ನ ಹೆಂಡತಿ. ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರುವ ಹುಡುಗನ ತಂದೆ ಟ್ಯಾಕ್ಸಿ ಓಡಿಸುತ್ತಾರೆ. ಅವನು ಆ ಸಾಲನ್ನು ಎರಡು ಸಲ ಓದಿ, “ಸಾರ್, ಇದನ್ನ ಮೊದಲನೇ ಪುಟಕ್ಕೆ ಹಾಕಿ. ಕೆಂಪಲ್ಲಿ, ದಪ್ಪಕ್ಷರದಲ್ಲಿ” ಎಂದ. ಹಾಗೆ ಹಾಕುವುದು ನನಗೀಗ ಕಷ್ಟವಲ್ಲ. ಸಿಎಸ್‌ಎಸ್‌ನಲ್ಲಿ ಎರಡು ಸಾಲಿನ ಕೆಲಸ. ಆದರೆ ತಂದೆ ಅದನ್ನು ದಪ್ಪಕ್ಷರದಲ್ಲಿ ಬರೆದಿರಲಿಲ್ಲ, ಹೊಡೆದೂ ಹಾಕಿರಲಿಲ್ಲ. ಆ ಸಾಲು ತನ್ನ ಜಾಗದಲ್ಲಿ, ಪಂಕ್ಚರಿನ ಕೆಳಗೆ, ಪೆಟ್ರೋಲಿನ ಮೇಲೆ, ಉಳಿದ ಸಾಲುಗಳ ಗಾತ್ರದಲ್ಲಿಯೇ ಇದೆ. ತೋಟದ ಹೆಸರಾಗಲಿ ಮನೆತನದ ಹೆಸರಾಗಲಿ ಎಲ್ಲಿಯೂ ಇಲ್ಲ. ಇದರಿಂದ ಹೆಂಡತಿಗೂ ಸಮಾಧಾನವಾಗಿಲ್ಲ, ಆ ಹುಡುಗನಿಗೂ ಆಗಿಲ್ಲ.

ಇನ್ನು ಮೂರು ವಾರದ ಪಾಠವಿದೆ. ಬೆರಳಚ್ಚು 1969ರ ಮಳೆಗಾಲದವರೆಗೆ ಬಂದಿದೆ. ಪೂರ್ತಿಯಾಗುವವರೆಗೆ ಕಾಯಬೇಕಾಗಿಲ್ಲ, ಮುಗಿದಷ್ಟನ್ನು ಪ್ರಕಟಿಸಿ ಆಮೇಲೆ ಸೇರಿಸುತ್ತ ಹೋಗಬಹುದೆಂದು ಮೇಡಂ ಹೇಳಿದ್ದಾರೆ. ಅಚ್ಚಿನ ಪುಸ್ತಕಕ್ಕಿಲ್ಲದ ಅನುಕೂಲ ಇದು. ಅದಕ್ಕೆ ಮೊದಲು ಜಾಲತಾಣಕ್ಕೆ ಒಂದು ಹೆಸರನ್ನು ನೋಂದಾಯಿಸಬೇಕು. ಕಾರಿನ ನಂಬರನ್ನೇ ಇಡೋಣವೆಂದರೆ ಧಣಿಗಳ ಗುರುತು ಹತ್ತೀತು. ತಂದೆಯಂತೂ ಕಾರಿಗೆ ಹೆಸರಿಟ್ಟವರಲ್ಲ. ಪುಸ್ತಕದ ಉದ್ದಕ್ಕೂ ಅದು ‘ಗಾಡಿ’ ಅಷ್ಟೆ. ಮೇಡಂ ನನಗೆ ಸೋಮವಾರದವರೆಗೆ ಸಮಯ ಕೊಟ್ಟಿದ್ದಾರೆ.