ರಾಯಭಾರ ಭವನವೂ ಬೆಟ್ಟದ ನೀರೂ

(ಬೆಂಗಳೂರಿನ ವೈಯಾಲಿಕಾವಲಿನಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿರುವ ಈ ವೈಯಾಲಿಕಾವಲಿನಲ್ಲಿಯೇ ಚೌಡಯ್ಯ ಸ್ಮಾರಕ ಭವನವಿದೆ. ಪಿಟೀಲಿನ ಆಕಾರದ ಆ ಕಟ್ಟಡವು ಯಾವ ಕಲೆಗೆ ಮುಡಿಪಾದದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆ ಮಾತನಾಡಲೆಂದೇ ಕಟ್ಟುವ ಇನ್ನೊಂದು ಬಗೆಯ ಕಟ್ಟಡ ರಾಯಭಾರ ಕಚೇರಿ. ಪರದೇಶದ ನೆಲದಲ್ಲಿ ನಿಂತು ಒಂದು ದೇಶವು ತನ್ನ ಪರಿಚಯ ಹೇಳಿಕೊಳ್ಳುವುದು ಅದರ ಮೂಲಕವೇ.

ದೆಹಲಿಯ ಅಮೆರಿಕನ್ ರಾಯಭಾರ ಕಚೇರಿ 1959ರಲ್ಲಿ ಆರಂಭವಾಯಿತು. ವಿನ್ಯಾಸಕಾರ ಎಡ್ವರ್ಡ್ ಡ್ಯುರೆಲ್ ಸ್ಟೋನ್ ಅವರು ಬಿಸಿಲು ತಡೆಯಲು ಸುತ್ತಲೂ ಜಾಲಂಧ್ರದ ಗೋಡೆ, ನಡುವೆ ನೀರಿನ ಅಂಗಳ, ಮುಂಚಾಚಿದ ಮಾಡು ಇವನ್ನು ಬಳಸಿದರು. ಬಂದ ಅತಿಥಿಯು ಇಲ್ಲಿನ ಹವೆಯಿಂದ ಪಾಠ ಕಲಿತಂತಾಯಿತು. ಬರ್ಲಿನ್ನಿನಲ್ಲಿ 2001ರಲ್ಲಿ ಸಿದ್ಧವಾದ ಭಾರತದ ರಾಯಭಾರ ಕಚೇರಿಗಾದರೋ ಇಲ್ಲಿಂದಲೇ ಕೆಂಪು ಮರಳುಗಲ್ಲು ಹೋಯಿತು. ಭವನವು ಚೆಲುವಾಗಿದೆ, ನಿಜ. ಆದರೆ ಕಲ್ಲು ತೆಗೆದ ಗುಡ್ಡದ ಗತಿಯನ್ನು ಭವನದ ಚಿತ್ರವು ತೋರಿಸುವುದಿಲ್ಲ.

ಈ ಮಾತು ಈಗೇಕೆ? 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಅದೂ ತಾತ್ಕಾಲಿಕವಾಗಿ ಹೋಟೆಲೊಂದರ ಆವರಣದಲ್ಲಿ. ಅದಕ್ಕಾಗಲಿ, ಬೇರೆ ದೇಶದ ಕಚೇರಿಗಾಗಲಿ, ಈ ನಗರದಲ್ಲಿ ಸ್ವಂತ ಭವನ ಏಳುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಅದರ ಆಕಾರದ್ದಲ್ಲ, ನೀರಿನದು.

ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಮೇಲಕ್ಕೆ ಪಂಪಿನಿಂದಲೇ ಏರಿ ಬರುತ್ತದೆ. ಅದೂ ಸಾಲದೆಂದು ಶರಾವತಿಯನ್ನು ಇತ್ತ ತರುವ ಮಾತು ಎದ್ದಾಗ, 2019ರಲ್ಲಿ ಮಲೆನಾಡಿನ ಜನ ಬೀದಿಗಿಳಿದುದನ್ನು ನೀವು ಬಲ್ಲಿರಿ. ನಗರದ ಪ್ರತಿ ಹೊಸ ಭವನದ ನೀರಿನ ಲೆಕ್ಕ ಕೊನೆಗೆ ನಮ್ಮ ಕಣಿವೆಯ ಬಾಗಿಲಿಗೇ ಬರುತ್ತದೆ.

ಪರಿಹಾರವು ಮಾಳಿಗೆಯ ಮೇಲೆಯೇ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರ್ ಮಳೆಯೆಂದು ಹಿಡಿದರೂ ಸಾವಿರ ಚದರ ಮೀಟರ್ ಮಾಳಿಗೆಯ ಮೇಲೆ 9 ಲಕ್ಷ ಲೀಟರ್ ನೀರು ಬೀಳುತ್ತದೆ. ನಿಗದಿತ ಅಳತೆಯ ನಿವೇಶನಗಳಿಗೆ ಮಳೆಕೊಯ್ಲನ್ನು ಕಡ್ಡಾಯಗೊಳಿಸುವ ಕಾನೂನು ಇಲ್ಲಿ 2009ರಲ್ಲಿಯೇ ಬಂದಿದೆ. ಅತಿಥಿ ದೇಶಗಳು ಅದನ್ನು ಮನಸಾರೆ ಪಾಲಿಸಿ ತೋರಿಸಲಿ. ಅಂಗಳದ ಮರಗಳನ್ನು ಉಳಿಸಿ, ಅವುಗಳ ನೆರಳನ್ನು ಬಳಸಿಕೊಂಡೇ ನಕ್ಷೆ ಬರೆಯಲಿ.

ಈ ಪ್ರಶ್ನೆಯನ್ನು ಅವರಿಗಷ್ಟೇ ಕೇಳಿ ಸುಮ್ಮನಾಗುವುದು ನ್ಯಾಯವಲ್ಲ. ಹೆಂಚಿನ ಮಾಡು, ತಂಪಾದ ಜಗಲಿ ಇದ್ದ ನಮ್ಮ ಊರುಗಳಲ್ಲಿಯೂ ಈಗ ತಾರಸಿ ಮನೆಗಳು ಏಳುತ್ತಿವೆ. ವಿದ್ಯಾರ್ಥಿಗಳೇ, ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಸೂರಿನ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿ ಬನ್ನಿ. ಆ ಬಳಿಕ ರಾಯಭಾರಿಗಳನ್ನು ಕೇಳುವ ನಮ್ಮ ದನಿಗೆ ಬಲ ಬರುತ್ತದೆ.