ಹಡಗು ತಡವಾದರೆ ಒಲೆ ಆರಬಾರದು



ದೇವನಹಳ್ಳಿಯೆಂದರೆ ಇಂದು ಎಲ್ಲರಿಗೂ ವಿಮಾನ ನೆನಪಾಗುತ್ತದೆ. ಆದರೆ ಇಲ್ಲಿನ ನಮ್ಮ ಅಡುಗೆಮನೆಗಳು ಅವಲಂಬಿಸಿರುವುದು ಹಡಗುಗಳನ್ನು. ನಾವು ಸಮೋಸ ಕರಿಯುವ ಎಣ್ಣೆಯನ್ನೇ ತೆಗೆದುಕೊಳ್ಳಿ. ದೇಶ ಬಳಸುವ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ತಾಳೆ ಎಣ್ಣೆ ಮುಖ್ಯವಾಗಿ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್‌ಗಳಿಂದ.

ಈ ಅವಲಂಬನೆಯ ಅಪಾಯವೇನೆಂಬುದನ್ನು 2022 ತೋರಿಸಿಕೊಟ್ಟಿತು. ಫೆಬ್ರವರಿಯಲ್ಲಿ ಯುದ್ಧ ಆರಂಭವಾಗಿ ಉಕ್ರೇನಿನ ಬಂದರುಗಳು ಸ್ತಬ್ಧವಾದವು. ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಷೇಧಿಸಿತು; ಮೇ 23ರಂದಷ್ಟೇ ಅದು ತೆರವಾಯಿತು. ಯುದ್ಧ ಮಾಡಿದವರು ಯಾರೋ, ದಂಡ ತೆತ್ತವರು ನಾವು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದಾಗ ಅನೇಕ ಹಡಗುಗಳು ಆಫ್ರಿಕಾವನ್ನು ಸುತ್ತಿ ಬರಬೇಕಾಯಿತು.

ಇದು ನಮ್ಮ ಹಣೆಬರಹವೇ? ಖಂಡಿತ ಅಲ್ಲ. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಶನ್ ಆರಂಭವಾಯಿತು. 1990ರ ದಶಕದ ಆರಂಭದಲ್ಲಿ ದೇಶ ಬಹುತೇಕ ಸ್ವಾವಲಂಬಿಯಾಗಿತ್ತು. ಬಳಿಕ ಆಮದಿನ ಬಾಗಿಲು ತೆರೆಯಿತು. ಅಗ್ಗದ ಎಣ್ಣೆಯ ಮುಂದೆ ನಮ್ಮ ರೈತ ಸೋತ. ಸರಕಾರದ ಇಕ್ಕಟ್ಟು ಇನ್ನೂ ಬಗೆಹರಿದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಸುಂಕವನ್ನು ಶೇ. 20ಕ್ಕೆ ಏರಿಸಿದ ಅದು, 2025ರ ಮೇ ತಿಂಗಳಲ್ಲಿ ಶೇ. 10ಕ್ಕೆ ಇಳಿಸಿತು. ಸುಂಕ ಏರಿದರೆ ಬಡವನ ಬಾಣಲೆ ಒಣಗುತ್ತದೆ, ಇಳಿದರೆ ರೈತನ ಹೊಲ ಬರಡಾಗುತ್ತದೆ. ರೈತನಿಗೆ ಬೆಂಬಲ ಬೆಲೆಯಲ್ಲಿ ಖರೀದಿಯ ಖಾತರಿ, ಬಡವನಿಗೆ ಪಡಿತರದಲ್ಲಿ ಎಣ್ಣೆ. ಇವೆರಡೂ ಜೊತೆಯಾಗಿ ಬಂದರೆ ಮಾತ್ರ ಇಬ್ಬರೂ ಉಳಿಯುತ್ತಾರೆ.

ಈ ಸೀಮೆಯ ಹಿರಿಯರು ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆಯ ಜೊತೆ ಹುಚ್ಚೆಳ್ಳು, ಸಾಸಿವೆಗಳನ್ನೂ ಬೆಳೆಯುತ್ತಿದ್ದರು. ಆದರೆ ಅಕ್ಕಡಿಗೂ ನೆಲ ಬೇಕಲ್ಲವೇ? ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು, ಸ್ವಾಧೀನವನ್ನು ಕೈಬಿಡುವುದಾಗಿಯೂ ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಸರಕಾರ ಘೋಷಿಸಿತು. ಇದು ಕೇವಲ ರೈತರ ಗೆಲುವಲ್ಲ. ಪೇಟೆಯಲ್ಲಿರುವ ನಮ್ಮ ತಟ್ಟೆಯ ಪ್ರಶ್ನೆಯೂ ಹೌದು. ಬೇಸಾಯದಲ್ಲಿ ಲಾಭವಿಲ್ಲದಿದ್ದರೆ ಸ್ವಇಚ್ಛೆ ಎಂಬ ಪದಕ್ಕೆ ಎಷ್ಟು ಅರ್ಥ ಉಳಿದೀತು?

ಆದ್ದರಿಂದ ನಮ್ಮ ಹೊಣೆಯೂ ಇದೆ. ಮದುವೆ, ಇಫ್ತಾರ್ ಕೂಟಗಳಲ್ಲಿ ಎಣ್ಣೆಯ ದುಂದನ್ನು ನಿಲ್ಲಿಸೋಣ. ಸಾಧ್ಯವಿರುವವರು ಊರಿನ ಗಾಣದ ಎಣ್ಣೆ ಕೊಳ್ಳೋಣ. ಮತ ಕೇಳಲು ಬರುವವರೊಡನೆ ರಸ್ತೆ, ಚರಂಡಿಗಳ ಜೊತೆಗೆ ಖರೀದಿ ಕೇಂದ್ರ, ಗೋದಾಮುಗಳ ಬಗ್ಗೆಯೂ ಮಾತಾಡೋಣ. ಹಡಗುಗಳು ಬರಲಿ, ಆದರೆ ಅವು ಬಾರದ ದಿನವೂ ನಮ್ಮ ಮಕ್ಕಳು ಉಣ್ಣುವಂತಿರಲಿ.