ಮೂವತ್ತು ಹುಡುಗರು, ಒಂದು ಸರ್ವರ್: ಕಾಲೇಜು ಲ್ಯಾಬಿನ ಲೆಕ್ಕ

ಈ ವಾರದ ವಿಷಯ ಕೇಳಿದ ತಕ್ಷಣ ಕೆಲವರು ಆಕಳಿಸಬಹುದು: ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ವರ್ಚುವಲೈಸೇಶನ್. ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಆದ್ರೆ ಒಳಗೆ ಹೊಕ್ಕು ನೋಡಿದ್ರೆ ಇದು ಅರ್ಧ ತಂತ್ರಜ್ಞಾನ, ಅರ್ಧ ಬ್ಯಾಂಕಿಂಗ್. ಆ ಧೈರ್ಯದ ಮೇಲೆ ಮಾತಾಡ್ತಿದ್ದೀನಿ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಬಿಸಿಎ ಓದೋರಿಗೆ ಲಿನಕ್ಸ್, ನೆಟ್‌ವರ್ಕಿಂಗ್ ಪಾಠ ಇರುತ್ತೆ. ಅದನ್ನು ನಿಜವಾಗಿ ಕಲಿಯೋಕೆ ರೂಟ್ ಪಾಸ್‌ವರ್ಡ್ ಕೈಯಲ್ಲಿರಬೇಕು. ಯಾವ ಲ್ಯಾಬಿನವರು ಕೊಡ್ತಾರೆ ಹೇಳಿ? ಬೆಳಗಿನ ಬ್ಯಾಚಿನವನು ಕೆಡಿಸಿಟ್ರೆ ಮಧ್ಯಾಹ್ನದ ಬ್ಯಾಚಿಗೆ ಆ ಸಿಸ್ಟಮ್ ಇಲ್ಲ. ಹಾಗಾಗಿ ಹುಡುಗರು ಏನು ಮಾಡ್ತಾರೆ? ರೆಕಾರ್ಡ್ ಬುಕ್ಕಿನಲ್ಲಿ ಕಮಾಂಡ್ ಬರೆದು, ಕೆಳಗೆ ಔಟ್‌ಪುಟ್ಟನ್ನೂ ಬರೆದು, ಸಹಿ ಹಾಕಿಸಿಕೊಳ್ತಾರೆ. ಆ ಕಮಾಂಡ್ ಒಂದು ಸಲಾನೂ ಓಡಿರಲ್ಲ.

ಸ್ವಂತ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕ್ಕೊಳ್ಳಿ ಅನ್ನೋ ಸಲಹೆ ಇದೆ. 16 ಜಿಬಿ ರ‍್ಯಾಮ್ ಇದ್ದವನಿಗೆ ಅದು ಸರಿ. 4 ಜಿಬಿ ಇದ್ದವಳು ಎರಡು ಯಂತ್ರ ಒಟ್ಟಿಗೆ ಓಡಿಸೋಕೆ ಆಗಲ್ಲ. ಲ್ಯಾಪ್‌ಟಾಪೇ ಇಲ್ಲದವರು ಪಕ್ಕದಲ್ಲಿ ಕೂತು ನೋಡಬೇಕು. ನಾನು ಹೋಗಿ ಬಂದ ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ, ಈ ಪಾಠ ಮಾಡುವ ಮೇಡಂ ಇದನ್ನೇ ಹೇಳಿದ್ರು: "ನೋಡಿ ಕಲಿಯೋ ವಿದ್ಯೆ ಅಲ್ಲ ಸರ್ ಇದು, ಕೆಡಿಸಿ ಕಲಿಯೋದು." ಅವರು ಆಡಳಿತ ಮಂಡಳಿಯ ಬೆನ್ನು ಬಿದ್ದು ಒಂದು ಸರ್ವರ್ ತರಿಸಿದ್ದಾರೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರ. ಅದರ ಫ್ಯಾನಿನ ಸದ್ದು ಕೇಳಬೇಕು ನೀವು, ಮಿಕ್ಸಿ ಆನ್ ಮಾಡಿಟ್ಟ ಹಾಗೆ! ಅದಕ್ಕೇ ಅದನ್ನು ಪಕ್ಕದ ಸ್ಟೋರ್ ರೂಮಿನಲ್ಲಿ ಇಟ್ಟಿದ್ದಾರೆ.

ಇದರಲ್ಲಿ ಆಗೋದು ಇಷ್ಟು. ಒಂದೇ ಯಂತ್ರದೊಳಗೆ ಹೈಪರ್‌ವೈಸರ್ ಅನ್ನೋ ತಂತ್ರಾಂಶ ಹತ್ತಾರು ಯಂತ್ರಗಳನ್ನು ಸೃಷ್ಟಿಸುತ್ತೆ. ಪ್ರತಿಯೊಂದೂ ತಾನೇ ಒಂದು ಸ್ವತಂತ್ರ ಕಂಪ್ಯೂಟರ್ ಅಂದುಕೊಂಡಿರುತ್ತೆ. ವಿದ್ಯಾರ್ಥಿ ತನ್ನ ಮುಂದಿನ ಹಳೇ ಪಿಸಿಯಲ್ಲಿ ಬ್ರೌಸರ್ ತೆರೆದರೆ ಅವನ ಯಂತ್ರದ ಪರದೆ ಅಲ್ಲಿ ಬರುತ್ತೆ. ಯೋಚನೆ ಹೊಸದೇನಲ್ಲ, ಐಬಿಎಂ 1960ರ ದಶಕದಲ್ಲೇ ಮಾಡಿತ್ತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರಿನೊಳಗೇ ಇದಕ್ಕೆ ಅನುಕೂಲ ಮಾಡಿಕೊಟ್ಟವು. 2007ರಲ್ಲಿ ಕೆವಿಎಂ ಲಿನಕ್ಸ್ ಕರ್ನಲ್‌ನೊಳಗೆ ಸೇರಿತು.

ತಂತ್ರಾಂಶ ಯಾವುದು ಅನ್ನೋದು ಹಣದ ಪ್ರಶ್ನೆಯೂ ಹೌದು. ಬಹಳ ವರ್ಷ ಎಲ್ಲರ ಬಾಯಲ್ಲಿದ್ದ ಹೆಸರು ವಿಎಂವೇರ್. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡುಕೊಂಡಿತು. ಡಿಸೆಂಬರಿನಲ್ಲಿ, ಒಮ್ಮೆ ಕೊಂಡರೆ ಶಾಶ್ವತ ಅನ್ನುವ ಲೈಸೆನ್ಸ್ ಮಾರಾಟ ನಿಂತು ಎಲ್ಲವೂ ಚಂದಾ ಆಯ್ತು. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ಹೋಯ್ತು, 2025ರ ಏಪ್ರಿಲಿನಲ್ಲಿ ಮತ್ತೆ ಬಂತು. ಹೀಗೆ ಬಂದು ಹೋಗೋದನ್ನು ನಂಬಿಕೊಂಡು ಮೂರು ವರ್ಷದ ಕೋರ್ಸಿಗೆ ಲ್ಯಾಬ್ ಕಟ್ಟೋದು ಹೇಗೆ?

ಮೇಡಂ ಹಾಕಿರೋದು ಪ್ರಾಕ್ಸ್‌ಮಾಕ್ಸ್. ವಿಯೆನ್ನಾದ ಕಂಪನಿಯದು, ಡೆಬಿಯನ್ ಮೇಲೆ ನಿಂತದ್ದು, ಒಳಗೆ ಅದೇ ಕೆವಿಎಂ. ಮುಕ್ತ ತಂತ್ರಾಂಶ, ಹಣ ಕೊಡದೆಯೂ ಪೂರ್ತಿ ಬಳಸಬಹುದು. ಒಂದೇ ತಮಾಷೆ ಅಂದ್ರೆ, ಲಾಗಿನ್ ಆದಾಗೆಲ್ಲ "ನಿಮಗೆ ಚಂದಾ ಇಲ್ಲ" ಅಂತ ಒಂದು ಪೆಟ್ಟಿಗೆ ಎದ್ದು ಬರುತ್ತೆ. ಅದನ್ನು ನೋಡಿ ಪ್ರಿನ್ಸಿಪಾಲರು "ಇದೇನಮ್ಮ, ಕಳ್ಳ ಮಾಲಾ?" ಅಂದರಂತೆ. ಅಲ್ಲ. ಚಂದಾ ಬೆಂಬಲಕ್ಕೆ, ಹೆಚ್ಚು ಪರೀಕ್ಷೆಯಾದ ಅಪ್‌ಡೇಟ್‌ಗಳಿಗೆ. ಬಳಕೆಗೆ ಅಲ್ಲ.

ಈಗ ಬ್ಯಾಂಕಿಂಗ್‌ಗೆ ಬರೋಣ. ಬ್ಯಾಂಕಿನಲ್ಲಿ ಎಲ್ಲರ ಠೇವಣಿಯೂ ನಗದಾಗಿ ಕಪಾಟಿನಲ್ಲಿ ಇರಲ್ಲ. ಎಲ್ಲರೂ ಒಂದೇ ದಿನ ಬರಲ್ಲ ಅನ್ನೋ ನಂಬಿಕೆ ಮೇಲೆ ವ್ಯವಹಾರ. ಪ್ರೊಸೆಸರ್ ಕೂಡ ಹಾಗೇ. 16 ಕೋರ್ ಇಟ್ಟುಕೊಂಡು 60 ಯಂತ್ರಕ್ಕೆ ತಲಾ ಎರಡು ಕೋರ್ ಅಂತ ಬರೆದುಕೊಡಬಹುದು. ಯಾಕಂದ್ರೆ ಹುಡುಗರು ಟೈಪ್ ಮಾಡ್ತಾ, ಯೋಚಿಸ್ತಾ ಇರುವಾಗ ಯಂತ್ರ ಸುಮ್ಮನೆ ಕೂತಿರುತ್ತೆ. ಆದ್ರೆ ರ‍್ಯಾಮ್ ಹಾಗಲ್ಲ, ಅದು ಕೈಯಲ್ಲಿ ಎಣಿಸಿ ಕೊಡಬೇಕಾದ ನಗದು. 30 ಜನ, ತಲಾ ಒಂದು ಸರ್ವರ್ ಒಂದು ಕ್ಲೈಂಟ್, ಪ್ರತಿಯೊಂದಕ್ಕೂ 2 ಜಿಬಿ ಅಂದ್ರೆ 120 ಜಿಬಿ. 128 ಇದ್ರೆ ಸಾಕು ಅನ್ನಿಸುತ್ತೆ, ಆದ್ರೆ ಹೋಸ್ಟಿಗೂ ಊಟ ಬೇಕಲ್ಲ! ಒಂದೇ ಥರದ ಪುಟಗಳನ್ನು ಹಂಚಿಕೊಳ್ಳುವ ಕೆಎಸ್‌ಎಂ ಅಂತ ಉಪಾಯ ಇದೆ. ಸಿಕ್ಕಷ್ಟು ಲಾಭ, ಬಜೆಟ್ಟಿನಲ್ಲಿ ಮಾತ್ರ ಸೇರಿಸಬೇಡಿ. ಹಣ ಕಡಿಮೆ ಇದ್ರೆ ಪ್ರೊಸೆಸರ್ ಹಳೇದೇ ತಗೊಳ್ಳಿ, ರ‍್ಯಾಮಿಗೆ ಹಾಕಿ ಅಂತೀನಿ ನಾನು.

ಇನ್ನು ಎಲ್ಲರೂ ಒಂದೇ ದಿನ ಬರೋದು. ಲ್ಯಾಬಿನಲ್ಲಿ ಅದು ಖಂಡಿತ ಆಗುತ್ತೆ, ಅದರ ಹೆಸರು ಪ್ರಾಕ್ಟಿಕಲ್ ಪರೀಕ್ಷೆ. ಬೆಳಿಗ್ಗೆ 10ಕ್ಕೆ ಬೆಲ್ ಹೊಡೆದ ಕೂಡಲೇ 60 ಯಂತ್ರ ಒಟ್ಟಿಗೆ ಬೂಟ್. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ನೂರೈವತ್ತು ಬಿಡಿ ಬೇಡಿಕೆ ಪೂರೈಸಿದ್ರೆ ಹೆಚ್ಚು. ಅರ್ಧ ಗಂಟೆ ಪರದೆ ಕಪ್ಪಗೇ ಇರುತ್ತೆ, ಅಂಕ ಮಕ್ಕಳದ್ದು ಹೋಗುತ್ತೆ. ಅದಕ್ಕೆ ಎಸ್‌ಎಸ್‌ಡಿಯೇ ಬೇಕು. ಜೊತೆಗೆ 9 ಗಂಟೆಗೇ ಐದೈದಾಗಿ ಎಲ್ಲ ಯಂತ್ರ ಎಬ್ಬಿಸಿಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದಾರೆ ಮೇಡಂ. ನನಗೆ ಬಹಳ ಹಿಡಿಸಿದ್ದು ಅದು.

ಡಿಸ್ಕಿನ ಜಾಗಕ್ಕೆ ಲಿಂಕ್ಡ್ ಕ್ಲೋನ್ ಇದೆ. ಒಂದು ಮೂಲ ಯಂತ್ರ, ಉಳಿದವು ಬದಲಾವಣೆಯನ್ನು ಮಾತ್ರ ಬರೆದುಕೊಳ್ಳುತ್ತವೆ. ಆದ್ರೆ ಕ್ಲೋನ್ ಮಾಡೋ ಮೊದಲು ಮೂಲದಲ್ಲಿರೋ ಮಷೀನ್ ಐಡಿ ಖಾಲಿ ಮಾಡಿರಬೇಕು. ಇಲ್ಲದಿದ್ರೆ ಉಬುಂಟು ಸರ್ವರ್‌ಗಳೆಲ್ಲ ಒಂದೇ ಐಪಿ ವಿಳಾಸಕ್ಕೆ ಕೈ ಚಾಚುತ್ತವೆ, ಒಂದೇ ರೇಷನ್ ಕಾರ್ಡ್ ಹಿಡಿದು ಮೂವತ್ತು ಜನ ಸಾಲಿನಲ್ಲಿ ನಿಂತ ಹಾಗೆ.

ನೆಟ್‌ವರ್ಕ್ ವಿಷಯದಲ್ಲಿ ಅಲ್ಲೊಂದು ಕಥೆಯೇ ಆಗಿತ್ತು. ಹುಡುಗನೊಬ್ಬ ಪಾಠದಲ್ಲಿ ಹೇಳಿದ ಹಾಗೇ ತನ್ನ ಯಂತ್ರದಲ್ಲಿ ಡಿಎಚ್‌ಸಿಪಿ ಸರ್ವರ್ ಎಬ್ಬಿಸಿದ. ಅದು ಇಡೀ ಕಾಲೇಜಿಗೆ ವಿಳಾಸ ಹಂಚೋಕೆ ಶುರು ಮಾಡಿತು. ಆಫೀಸಿನಲ್ಲಿ ಫೀಸ್ ಕಟ್ಟಿಸಿಕೊಳ್ಳೋ ಕಂಪ್ಯೂಟರಿಗೆ ಇಂಟರ್ನೆಟ್ ಹೋಯ್ತು, ಹೊರಗೆ ಪೋಷಕರ ಸಾಲು. ಹುಡುಗನದು ತಪ್ಪಲ್ಲ, ಅವನು ಲೆಸನ್ ಸರಿಯಾಗೇ ಮಾಡಿದ್ದ! ಈಗ ಪ್ರತಿ ವಿದ್ಯಾರ್ಥಿಗೂ ಹೊರಗೆ ದಾರಿಯೇ ಇಲ್ಲದ ಪ್ರತ್ಯೇಕ ಬ್ರಿಡ್ಜ್ ಇದೆ. ಒಳಗೆ ಏನು ಬೇಕಾದ್ರೂ ಹಂಚಿಕೊಳ್ಳಲಿ.

ಕ್ಲೌಡ್ ಯಾಕೆ ಬೇಡ ಅಂತ ಕೇಳ್ತೀರಿ. ಗಂಟೆಗಿಷ್ಟು ಅಂತ ಬಾಡಿಗೆ, ಆಫ್ ಮಾಡೋದು ಮರೆತರೆ ರಾತ್ರಿಯಿಡೀ ಮೀಟರ್ ಓಡುತ್ತೆ. ಅದು ಬದಲಾಗುವ ವೆಚ್ಚ. ಸರ್ವರ್ ಒಮ್ಮೆ ಕೊಂಡ ಆಸ್ತಿ, ವರ್ಷ ವರ್ಷ ಸವಕಳಿ ಬರೆಯಬಹುದು. ಆದ್ರೆ ಅದು ಕೆಟ್ಟರೆ ಮೂವತ್ತೂ ಜನರ ಲ್ಯಾಬ್ ನಿಂತಂತೆ, ಇದು ನಿಜವಾದ ಅಪಾಯ. ಅದಕ್ಕೆ ಯುಪಿಎಸ್ ಇದೆ, ರಾತ್ರಿ ಒಂದು ಹಳೇ ಪಿಸಿಗೆ ಬ್ಯಾಕಪ್ ಹೋಗುತ್ತೆ. ಎರಡನೇ ಸರ್ವರಿಗೆ ಅರ್ಜಿ ಹಾಕಿದ್ದಾರೆ, ಇನ್ನೂ ಮಂಜೂರಾಗಿಲ್ಲ.

ನಾನು ಹೋದ ದಿನ ಒಬ್ಬ ಹುಡುಗಿ ತನ್ನ ಯಂತ್ರದ ರೂಟ್‌ನಲ್ಲಿ ಎಲ್ಲವನ್ನೂ ಅಳಿಸಿಹಾಕುವ ಕಮಾಂಡ್ ಕೊಟ್ಟಳು, ಬೇಕಂತಲೇ. ಸಿಸ್ಟಮ್ ಒಂದೊಂದಾಗಿ ಸಾಯೋದನ್ನು ನೋಡಿದಳು. ಆಮೇಲೆ ಸ್ನ್ಯಾಪ್‌ಶಾಟಿಗೆ ಹಿಂದಿರುಗಿದಳು, ಒಂದು ನಿಮಿಷವೂ ಹಿಡಿಯಲಿಲ್ಲ. ಅಂದ ಹಾಗೆ, ಪ್ರಾಕ್ಸ್‌ಮಾಕ್ಸ್‌ನ ಸಾಮಾನ್ಯ ಬಳಕೆದಾರನ ಪಾತ್ರದಲ್ಲಿ ಸ್ನ್ಯಾಪ್‌ಶಾಟ್ ಅನುಮತಿ ಇರಲ್ಲ, ಪ್ರತ್ಯೇಕವಾಗಿ ಸೇರಿಸಬೇಕು. ಮಾಡುವವರು ನೆನಪಿಟ್ಟುಕೊಳ್ಳಿ.

ನಿಮ್ಮ ಕಾಲೇಜಿನಲ್ಲಿ ಯಾರಾದ್ರೂ ಇಂಥದ್ದು ಕಟ್ಟಿದ್ರೆ, ಎಷ್ಟು ರ‍್ಯಾಮಿನಲ್ಲಿ ಎಷ್ಟು ಜನರನ್ನು ಕೂರಿಸಿದ್ದೀರಿ ಅಂತ ನನಗೆ ಬರೆದು ಕಳಿಸಿ.